ಸೇಲಂಗೆ ಹೋಗುವ ಮುಂಚೆ ಸಿನಿಮಾ ನೋಡಿ ನಾನು ಕೆಟ್ಟ ಕಥೆ

ಊರಿಂದ ಬಂದವರನ್ನು ಸೇಲಂಗೆ (ತಮಿಳುನಾಡಿನದ್ದಲ್ಲ, ಅಮೆರಿಕದ ಬಾಸ್ಟನ್ ಹತ್ತಿರದ್ದು; 1692ರಲ್ಲಿ ಮಾಟಗಾತಿಯರು ಅಂತ ಆರೋಪಿಸಿ ಜನರನ್ನು ನೇಣಿಗೆ ಹಾಕಿದ ಊರು) ಕರೆದುಕೊಂಡು ಹೋಗುವವರಿದ್ದರೆ ಒಂದು ಮಾತು. ಆ ಘಟನೆಯ ಮೇಲೆ ಬಂದ 1996ರ ‘ದಿ ಕ್ರೂಸಿಬಲ್’ ಸಿನಿಮಾ ನಂಬಿಕೊಂಡು ಗೈಡ್ ಕೆಲಸಕ್ಕೆ ಇಳಿಯಬೇಡಿ. ನಾನು ಇಳಿದೆ.

ಹಿಂದಿನ ರಾತ್ರಿ ಅಣ್ಣ–ಅತ್ತಿಗೆಗೆ ಸಿನಿಮಾ ತೋರಿಸಿದ್ದೆ. ಅವರ ಮಗಳಿಗೆ ಹನ್ನೊಂದು ವರ್ಷ; ಅವಳಿಗೆ ಕಾರಲ್ಲಿ ಕತ್ತರಿ ಹಾಕಿ ಕಥೆ ಹೇಳಿದೆ. ಅಬಿಗೇಲ್ ಅನ್ನೋ ಕೆಲಸದ ಹುಡುಗಿಗೆ ಯಜಮಾನ ಜಾನ್ ಪ್ರಾಕ್ಟರ್ ಮೇಲೆ ಸಿಟ್ಟು, ಆ ಸಿಟ್ಟಿಗೆ ಊರವರನ್ನೆಲ್ಲ ಮಾಟಗಾತಿಯರು ಅಂದಳು, ಕೊನೆಗೆ ಪ್ರಾಕ್ಟರ್, ಮುದುಕಿ ರೆಬೆಕಾ ನರ್ಸ್, ಮಾರ್ಥಾ ಕೋರಿ ಮೂವರೂ ಒಟ್ಟಿಗೆ ಪ್ರಾರ್ಥನೆ ಹೇಳುತ್ತಾ ನೇಣಿಗೇರಿದರು, ಅಂತ. ಹೇಳುವಾಗ ನನಗೇ ಗಂಟಲು ಕಟ್ಟಿತ್ತು.

ಅಕ್ಟೋಬರ್ ಬೇರೆ, ಹ್ಯಾಲೋವೀನ್ ಹಬ್ಬದ ಜನಜಂಗುಳಿ. ಕಾರು ನಿಲ್ಲಿಸಲು ಜಾಗ ಸಿಗುವಷ್ಟರಲ್ಲಿ ಸಾಕಾಗಿಹೋಯಿತು.

ಹಳೆಯ ಸ್ಮಶಾನದ ಪಕ್ಕ 1992ರಲ್ಲಿ ಕಟ್ಟಿದ ಸ್ಮಾರಕವಿದೆ. ಕಲ್ಲಿನ ಗೋಡೆಯಿಂದ ಚಾಚಿಕೊಂಡ 20 ಕಲ್ಲುಬೆಂಚು, ಒಂದೊಂದರ ಮೇಲೂ ಒಂದು ಹೆಸರು, ಸತ್ತ ರೀತಿ, ತಾರೀಖು. ಬಾಗಿಲಲ್ಲಿ ಕಾಲಿಡುವ ಕಲ್ಲಿನ ಮೇಲೆ ‘ನಾನು ನಿರಪರಾಧಿ’ ಅಂದವರ ಮಾತು ಕೆತ್ತಿದ್ದಾರೆ; ವಾಕ್ಯ ಮುಗಿಯುವ ಮೊದಲೇ ಗೋಡೆ ಅಡ್ಡ ಬರುತ್ತದೆ. ಹುಡುಗಿ ಬೆಂಚಿಂದ ಬೆಂಚಿಗೆ ಓಡಾಡಿ ಓದಿಕೊಂಡು ಬಂದಳು.

“ಅತ್ತೆ, ಒಟ್ಟಿಗೆ ಅಂದ್ರಲ್ಲ? ರೆಬೆಕಾ ಅಜ್ಜಿದು ಜುಲೈ 19. ಪ್ರಾಕ್ಟರ್‌ದು ಆಗಸ್ಟ್ 19. ಮಾರ್ಥಾದು ಸೆಪ್ಟೆಂಬರ್ 22.”

ಅಣ್ಣ ಮರ ನೋಡುತ್ತಾ ನಿಂತ. ನಗು ತಡೆದುಕೊಳ್ಳುತ್ತಿದ್ದ ಅನ್ನೋದು ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

ರಾತ್ರಿ ಕೂತು ಓದಿದೆ. ಪ್ರಾಕ್ಟರ್‌ಗೆ ಆಗ 60ರ ಆಸುಪಾಸು. ಅಬಿಗೇಲ್‌ಗೆ ಹನ್ನೊಂದೋ ಹನ್ನೆರಡೋ. ಸಿನಿಮಾದಲ್ಲಿ ಬರುವ ಅವರಿಬ್ಬರ ಪ್ರೇಮ ಸಂಬಂಧ ಬರೀ ಕಲ್ಪನೆ. ಇದನ್ನು ಯಾರೂ ಮುಚ್ಚಿಟ್ಟಿಲ್ಲ. ಸಿನಿಮಾಗೆ ಮೂಲವಾದ ನಾಟಕ ಬರೆದ ಆರ್ಥರ್ ಮಿಲ್ಲರ್, ಹುಡುಗಿಯ ವಯಸ್ಸು ಏರಿಸಿದ್ದನ್ನು 1953ರ ಆ ನಾಟಕದ ಟಿಪ್ಪಣಿಯಲ್ಲೇ ಹೇಳಿಕೊಂಡಿದ್ದಾರೆ. ಅವರಿಗೆ ಬೇಕಿದ್ದದ್ದು ತಮ್ಮ ಕಾಲದ ಅಮೆರಿಕದಲ್ಲಿ ಕಮ್ಯುನಿಸ್ಟರು ಅಂತ ಅನುಮಾನಿಸಿ ಜನರನ್ನು ಬೇಟೆಯಾಡಿದ ಕಥೆ. ಓದದೆ ಮಾತಾಡಿದವಳು ನಾನು.

ಸಿನಿಮಾ ಬಿಟ್ಟಿದ್ದೇ ಹೆಚ್ಚು ಭಯಂಕರ. ಜುಲೈ 23ರಂದು ಜೈಲಿನಿಂದ ಬಾಸ್ಟನ್ನಿನ ಪಾದ್ರಿಗಳಿಗೆ ಪ್ರಾಕ್ಟರ್ ಪತ್ರ ಬರೆದಿದ್ದ. ತಪ್ಪೊಪ್ಪಿಕೊಳ್ಳಲಿ ಅಂತ ತನ್ನ ಮಗನ ಕುತ್ತಿಗೆಗೂ ಹಿಮ್ಮಡಿಗೂ ಸೇರಿಸಿ ಹಗ್ಗ ಬಿಗಿದು, ಮೂಗಲ್ಲಿ ರಕ್ತ ಸುರಿಯುವ ತನಕ ಬಿಡಲಿಲ್ಲ ಅಂತ ಅದರಲ್ಲಿದೆ. ಇನ್ನು ಕೋರ್ಟು: ‘ಅವಳ ಛಾಯೆ ಬಂದು ನನ್ನನ್ನು ಚಿವುಟಿತು’ ಅಂದರೆ ಅದೂ ಸಾಕ್ಷಿ. ನೇಣಾದವರು 19 ಜನ. ಮುದುಕ ಜೈಲ್ಸ್ ಕೋರಿಯನ್ನು ಮೈಮೇಲೆ ಕಲ್ಲು ಹೇರಿ ಕೊಂದರು. ಯಾರನ್ನೂ ಸುಡಲಿಲ್ಲ. ಕಾರಲ್ಲಿ ನಾನು ಸುಟ್ಟರು ಅಂತಲೂ ಹೇಳಿದ್ದೆ.

ಹೋಗುವವರು ಮೊದಲು ಬೆಂಚು ಓದಿ, ಆಮೇಲೆ ಮನೆಗೆ ಬಂದು ಸಿನಿಮಾ ಹಾಕಿ. ಪ್ರಾಕ್ಟರ್ ಪಾತ್ರ ಮಾಡಿದ ಡೇ-ಲೂಯಿಸ್ ನಟನೆಗೇನೂ ಮೋಸವಿಲ್ಲ.

ಮಾರನೇ ದಿನ ತಿಂಡಿ ತಿನ್ನುವಾಗ ಸೊಸೆಗೆ ಎಲ್ಲ ಸರಿಯಾಗಿ ಹೇಳಿದೆ. ದೋಸೆ ಕೈಯಲ್ಲಿ ಹಿಡಿದೇ ಕೇಳಿದಳು:

“ನನ್ನಷ್ಟೇ ಇದ್ದಳಾ? ನಾನು ಹೇಳಿದರೆ ಅಪ್ಪ ಪಿಜ್ಜಾ ಕೂಡ ಕೊಡಿಸಲ್ಲ. ಅವಳು ಹೇಳಿದ್ದಕ್ಕೆ ಜಡ್ಜು ಅಜ್ಜಿಯನ್ನೇ ನೇಣಿಗೆ ಹಾಕಿಬಿಟ್ರಾ?”