ಚ್ಯಾಟ್ಸ್‌ವರ್ತಾ, ಹ್ಯಾಡನ್ನಾ?

ಊರಿಂದ ಅಪ್ಪ ಅಮ್ಮ ಬಂದಾಗಲೆಲ್ಲ ಇಂಗ್ಲೆಂಡಿನ ಶೆಫೀಲ್ಡಿನಲ್ಲಿರುವ ನಮಗೆ ಇದೇ ತಲೆನೋವು. ಡಾರ್ಬಿಶೈರಿನ ಎರಡು ಹಳೇ ದೊಡ್ಡಮನೆಗಳು, ಚ್ಯಾಟ್ಸ್‌ವರ್ತ್ ಮತ್ತು ಹ್ಯಾಡನ್ ಹಾಲ್, ಅಕ್ಕಪಕ್ಕದಲ್ಲೇ ಇವೆ. ಎರಡನ್ನೂ ಒಂದೇ ದಿನ ಒಳಹೊಕ್ಕು ನೋಡಲು ಅಮ್ಮನ ಮಂಡಿ ಒಪ್ಪುವುದಿಲ್ಲ. ಹಾಗಾಗಿ ಈ ಸಲ ಎರಡು ಶನಿವಾರ ಹೋಗಿಬಂದೆವು.

ಚ್ಯಾಟ್ಸ್‌ವರ್ತ್ ನಿಜವಾಗಿ ಅರಮನೆಯೇ. ಡೆವನ್‌ಶೈರ್ ಡ್ಯೂಕ್‌ಗಳ ಕ್ಯಾವೆಂಡಿಷ್ ಮನೆತನದ್ದು. ಚಾವಣಿ ತುಂಬ ಚಿತ್ರ, ಚಿನ್ನದ ಬಣ್ಣ, ಶಿಲ್ಪ. ಐದಾರು ಕೋಣೆ ಆಗುವಷ್ಟರಲ್ಲಿ ನನಗೆ ಎಲ್ಲಾ ಒಂದೇ ಥರ ಕಂಡಿತು. ನೆನಪಲ್ಲಿ ಉಳಿದಿದ್ದು ಒಂದು ಪಿಟೀಲು: ಬಾಗಿಲಿಗೆ ತೂಗುಹಾಕಿದ ಹಾಗೆ ಕಾಣುತ್ತದೆ, ಆದರೆ ಬರೀ ಚಿತ್ರ. ಅಪ್ಪ ನಂಬದೆ ವಾಪಸ್ ಹೋಗಿ ನೋಡಿ ಬಂದರು.

ಹೊರಗಿನ ಲೆಕ್ಕವೇ ಬೇರೆ. ಹೊಳೆ, ಹುಲ್ಲುಗಾವಲು, ಅಲ್ಲಲ್ಲಿ ಮರ, ಮೇಯುವ ಕುರಿ, ಎಲ್ಲವೂ ತಾನಾಗೇ ಆದ ಹಾಗಿದೆ ಅಲ್ವಾ ಅಂದುಕೊಂಡರೆ, 1760ರ ದಶಕದಲ್ಲಿ ಕೇಪಬಿಲಿಟಿ ಬ್ರೌನ್ ಅನ್ನುವವನು ಕೂತು ಯೋಚಿಸಿ ಮಾಡಿಸಿದ್ದಂತೆ. ತೋಟದಲ್ಲಿ ಎಂಪರರ್ ಕಾರಂಜಿ ಇದೆ. 1844ರಲ್ಲಿ ರಷ್ಯಾದ ಚಕ್ರವರ್ತಿ ಬರುತ್ತಾನೆಂದು ಇಲ್ಲಿನ ತೋಟದ ಮುಖ್ಯಸ್ಥ ಜೋಸೆಫ್ ಪ್ಯಾಕ್ಸ್‌ಟನ್ ಕಟ್ಟಿದ್ದು. ಪಂಪಿಲ್ಲ, ಗುಡ್ಡದ ಮೇಲಿನ ಕೆರೆಯ ನೀರು ಕೆಳಗಿಳಿಯುವ ರಭಸಕ್ಕೇ ಚಿಮ್ಮುತ್ತದೆ. ಪಾಪ, ಚಕ್ರವರ್ತಿ ಬರಲೇ ಇಲ್ಲ. ಇದೇ ಪ್ಯಾಕ್ಸ್‌ಟನ್ ಇಲ್ಲಿನ ಗಾಜಿನ ಮನೆಯಲ್ಲಿ ಬೆಳೆಸಿದ ಬಾಳೆಗೆ ಕ್ಯಾವೆಂಡಿಷ್ ಹೆಸರು ಬಂತು. ನಮ್ಮ ಪಚ್ಚಬಾಳೆ ಆ ಗುಂಪಿಗೇ ಸೇರಿದ್ದು ಅಂದೆ. ಏಲಕ್ಕಿ ಬಾಳೆ ಬಿಟ್ಟು ಬೇರೆ ಮುಟ್ಟದ ಅಮ್ಮ, "ಅದಕ್ಕೂ ಡ್ಯೂಕನ ಹೆಸರಾ?" ಅಂದರು.

ಹ್ಯಾಡನ್ ಚಿಕ್ಕದು, ಮಬ್ಬು ಬೆಳಕಿನದು. 12ನೇ ಶತಮಾನದಿಂದ ಸ್ವಲ್ಪ ಸ್ವಲ್ಪವಾಗಿ ಬೆಳೆದ ಮನೆ. 1700ರ ಸುಮಾರಿಗೆ ಯಜಮಾನರು ಬೀವರ್ ಕೋಟೆಗೆ ಹೋಗಿ ನೆಲೆಸಿದರು. ಆಮೇಲೆ ಹತ್ತಿರ ಹತ್ತಿರ 200 ವರ್ಷ ಮನೆ ಸುಮ್ನೆ ಬಿದ್ದಿತ್ತು. ಅದೇ ಒಳ್ಳೆಯದಾಯಿತು, ಹೊಸ ಫ್ಯಾಷನ್ನಿಗೆ ಅಂತ ಯಾರೂ ಒಡೆಯಲಿಲ್ಲ. 1920ರ ದಶಕದಲ್ಲಿ ಅದೇ ಮನೆತನದ ಒಂಬತ್ತನೇ ರಟ್ಲೆಂಡ್ ಡ್ಯೂಕ್ ರಿಪೇರಿ ಮಾಡಿಸಿದ್ದೂ ಹಳೆಯದನ್ನು ಉಳಿಸಿಕೊಂಡೇ. ಚಾಪೆಲ್ ಗೋಡೆಯಲ್ಲಿ ಮಾಸಿದ ಚಿತ್ರಗಳಿವೆ. ಅಡುಗೆಮನೆಯಲ್ಲಿ ಕೊಚ್ಚಿ ಕೊಚ್ಚಿ ಗುಂಡಿ ಬಿದ್ದ ಮರದ ಹಲಗೆಗಳಿವೆ. ಅಮ್ಮ ಅಲ್ಲಿಂದ ಕದಲಲೇ ಇಲ್ಲ. ಅವರ ಅಜ್ಜಿ ಮನೆಯ ಒರಳು, ಈಳಿಗೆಮಣೆ, ಎಲ್ಲದರ ಕಥೆ ಬಂತು. ಇಷ್ಟು ಹೊತ್ತು ಚ್ಯಾಟ್ಸ್‌ವರ್ತಿನ ಯಾವ ಕೋಣೆಯಲ್ಲೂ ನಿಂತಿರಲಿಲ್ಲ. ಒಂದು ಮಾತು: ನೆಲವೆಲ್ಲ ಸವೆದು ಏರುಪೇರಾಗಿದೆ, ಮೆಟ್ಟಿಲೂ ಜಾಸ್ತಿ. ವಯಸ್ಸಾದವರ ಕೈ ಹಿಡಿದುಕೊಳ್ಳಿ.

ಮುಂದಿನ ತಿಂಗಳು ಅತ್ತೆ ಮಾವ ಬರುತ್ತಾರೆ. ಬೆಳಗ್ಗೆ ಚ್ಯಾಟ್ಸ್‌ವರ್ತಿನ ಪಾರ್ಕು, ಮನೆಯೊಳಗೆ ಹೋಗುವುದಿಲ್ಲ. ಹೊಳೆ ಪಕ್ಕ ನಡೆಯುವುದಕ್ಕೆ ಟಿಕೆಟ್ಟೇ ಬೇಡ. ಅಲ್ಲೇ ಹುಲ್ಲಿನ ಮೇಲೆ ಚಿತ್ರಾನ್ನ ತಿಂದು, ಮಧ್ಯಾಹ್ನ ಟಿಕೆಟ್ ದುಡ್ಡೆಲ್ಲ ಹ್ಯಾಡನ್ನಿಗೆ.