ಟೆಲಿ ಮಾದರಿಯ ಗಿಟಾರ್ ಕಿಟ್: ಬಳಸಿ ನೋಡಿ ಬರೆದದ್ದು

ಹೊಟ್ಟೆಪಾಡಿಗೆ ನಾನು ಆಂಪ್, ಮಿಕ್ಸರ್ ರಿಪೇರಿ ಮಾಡುವವನು. ಸಾಲ್ಡರಿಂಗ್ ಐರನ್ ದಿನಾ ಹಿಡಿಯುತ್ತೇನೆ, ಮರಗೆಲಸ ಮಾತ್ರ ಅಷ್ಟಕ್ಕಷ್ಟೇ. ಕಡಿಮೆ ದುಡ್ಡಿನಲ್ಲಿ ನನಗೆ ಬೇಕಾದ ಹಾಗಿರುವ ಎಲೆಕ್ಟ್ರಿಕ್ ಗಿಟಾರ್ ಮಾಡಿಕೊಳ್ಳಬೇಕು ಅಂತ ಬಹಳ ದಿನದಿಂದ ಆಸೆಯಿತ್ತು. ಹಲಗೆ ಕೊಯ್ಯುವ ಸಾಹಸಕ್ಕೆ ಕೈ ಹಾಕದೆ ಒಂದು ಕಿಟ್, ಅಂದರೆ ನಾವೇ ಜೋಡಿಸಿಕೊಳ್ಳುವ ಬಿಡಿಭಾಗಗಳ ಪೆಟ್ಟಿಗೆ, ತರಿಸಿದೆ. ಯಾವ ಕಂಪನಿ ಅನ್ನುವುದು ಬೇಡ. ಈ ದರ್ಜೆಯ ಕಿಟ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ.

ಟೆಲಿಕಾಸ್ಟರ್ (ಟೆಲಿ) ಮಾದರಿಯನ್ನೇ ಆರಿಸಿದ್ದಕ್ಕೆ ಕಾರಣವಿದೆ. 1950ರ ಸುಮಾರಿಗೆ ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ ಅದನ್ನು ರೂಪಿಸಿದ್ದೇ ಸುಲಭವಾಗಿ ಜೋಡಿಸಿ, ಸುಲಭವಾಗಿ ಬಿಚ್ಚುವ ಹಾಗೆ. ಚಪ್ಪಟೆ ಬಾಡಿ, 4 ಸ್ಕ್ರೂ ಹಾಕಿದರೆ ನೆಕ್ (ಬೆರಳಿಟ್ಟು ನುಡಿಸುವ ಉದ್ದನೆಯ ಕತ್ತು) ಕೂತಿತು. ಕೋನ ಸರಿಯಿಲ್ಲ ಅಂದರೆ ಬಿಚ್ಚಿ, ತೆಳ್ಳನೆಯ ಚಕ್ಕೆ ಇಟ್ಟು ಮತ್ತೆ ಬಿಗಿಯಬಹುದು. ಇನ್ನೊಂದು ಹೆಸರಾಂತ ಗಿಟಾರ್ ಮಾದರಿ ಲೆಸ್ ಪಾಲ್ ಥರದ ಕಿಟ್‌ಗಳಲ್ಲಿ ಸಾಮಾನ್ಯವಾಗಿ ನೆಕ್ ಅಂಟಿಸಬೇಕು. ಅಂಟು ಒಣಗಿದ ಮೇಲೆ ಕಥೆ ಮುಗೀತು.

ಬಾಡಿ ಬಾಸ್‌ವುಡ್ ಮರದ್ದು. ಹಗುರ, ಆದರೆ ಉಗುರು ಒತ್ತಿದರೂ ಗುರುತು ಬೀಳುವಷ್ಟು ಮೆದು. ಫ್ಯಾಕ್ಟರಿಯವರೇ ಮೇಲೆ ಸೀಲರ್ (ಮರದ ರಂಧ್ರ ಮುಚ್ಚುವ ಲೇಪ) ಬಳಿದಿದ್ದರು, ಇದು ನನಗೆ ಹಿಡಿಸಲಿಲ್ಲ. ಮರದ ಗೆರೆ ಕಾಣುವ ಹಾಗೆ ಸ್ಟೇನ್ (ಮರದೊಳಗೆ ಇಳಿಯುವ ಬಣ್ಣ) ಹಚ್ಚಬೇಕೆಂದರೆ ಸೀಲರ್ ಪೂರ್ತಿ ಉಜ್ಜಿ ತೆಗೆಯಬೇಕು, ಇಲ್ಲದಿದ್ದರೆ ಬಣ್ಣ ಅಲ್ಲಲ್ಲಿ ಮಾತ್ರ ಹಿಡಿಯುತ್ತದೆ. ಪೇಂಟ್ ಹೊಡೆಯುವವರಿಗೆ ಈ ತಲೆನೋವಿಲ್ಲ.

ಅಸಲಿ ವಿಷಯ ನೆಕ್. ಮೊದಲು ಟೇಪ್ ಹಿಡಿದು ನಟ್‌ನಿಂದ (ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ, ಗೀರುಗಳಿರುವ ಪಟ್ಟಿ) 12ನೇ ಫ್ರೆಟ್‌ವರೆಗೆ (ಫ್ರೆಟ್ ಅಂದರೆ ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಅಳೆಯಿರಿ. ಟೆಲಿ ಅಳತೆಯದ್ದಾದರೆ ಸುಮಾರು 324 ಮಿ.ಮೀ. ಬರಬೇಕು. ಅಲ್ಲಿಂದ ಬ್ರಿಡ್ಜ್ ಸ್ಯಾಡಲ್‌ಗೂ (ಬಾಡಿಯ ಮೇಲೆ ತಂತಿ ಕೂರುವ ಆಸರೆ) ಅಷ್ಟೇ, ಕೂದಲೆಳೆ ಜಾಸ್ತಿ. ನನ್ನದರಲ್ಲಿ ಇದು ಸರಿಯಾಗಿಯೇ ಇತ್ತು. ಎಡವಟ್ಟು ಇದ್ದದ್ದು ಫ್ರೆಟ್‌ಗಳಲ್ಲಿ. ಅಂಚುಗಳು ಅಂಗೈಗೆ ಗೀರುತ್ತಿದ್ದವು. ಸಾಲದ್ದಕ್ಕೆ 10ನೇ ಫ್ರೆಟ್ ಎದ್ದು ನಿಂತಿತ್ತು. 9ರಲ್ಲಿ ಒತ್ತಿದರೂ 10ರ ಸ್ವರ, 10ರಲ್ಲಿ ಒತ್ತಿದರೂ ಅದೇ ಸ್ವರ! ನೆಕ್ಕಿನ ಬಾಗು ಸರಿಪಡಿಸುವ ಒಳಗಿನ ಸರಳು, ಅಂದರೆ ಟ್ರಸ್ ರಾಡ್ ತಿರುಗಿಸಿ ನೆಕ್ ನೇರ ಮಾಡಿಕೊಂಡೆ. ಎಲ್ಲ ಫ್ರೆಟ್‌ಗಳ ನೆತ್ತಿಗೂ ಮಾರ್ಕರ್ ಬಳಿದೆ. ಚಪ್ಪಟೆ ಪಟ್ಟಿಗೆ ಮರಳುಕಾಗದ ಅಂಟಿಸಿ, ಆ ಶಾಯಿ ಎಲ್ಲ ಕಡೆ ಅಳಿಯುವವರೆಗೆ ಮಾತ್ರ ಉಜ್ಜಿದೆ. ಆಮೇಲೆ ಅರದಿಂದ ನೆತ್ತಿಯನ್ನು ಮತ್ತೆ ಗುಂಡಗೆ ಮಾಡಿ ಪಾಲಿಶ್. ಬೇಜಾರಿನ ಕೆಲಸ, ನಿಜ. ಆದರೆ ಕಿಟ್ ಅಗ್ಗವಾಗಿರುವುದೇ ಈ ಕೆಲಸವನ್ನು ನಮ್ಮ ತಲೆಗೆ ಕಟ್ಟಿರುವುದರಿಂದ. ಬೇರೆ ಕಡೆ ದುಡ್ಡು ಉಳಿಸಿ, ಫ್ರೆಟ್ ಕೆಲಸ ಗೊತ್ತಿಲ್ಲದಿದ್ದರೆ ಬಲ್ಲವರಿಗೆ ಕೊಡಿ.

ನಟ್ ಕಳಪೆ ಪ್ಲಾಸ್ಟಿಕ್. ಎಸೆದು ಮೂಳೆಯದ್ದು ಹಾಕಿದೆ. 3ನೇ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದಾಗ ಒಂದನೇ ಫ್ರೆಟ್ ಮೇಲೆ ಬೆಳಕು ಇಣುಕುವಷ್ಟೇ ಸಂದಿ ಇರುವ ಹಾಗೆ ಗೀರು ಇಳಿಸಬೇಕು.

ವೈರಿಂಗ್ ನೋಡಿ ನಗು ಬಂತು. ಬೊಂಬೆಗೆ ಹೊಲಿದ ಅಂಗಿಯ ಗುಂಡಿಗಳ ಹಾಗಿದ್ದವು ಆ ಪುಟಾಣಿ ಪಾಟ್‌ಗಳು (ಸದ್ದು, ಟೋನ್ ಏರಿಳಿಸಲು ತಿರುಗಿಸುವ ರೋಧಕಗಳು). ಸಾಲದೆಂಬಂತೆ 500 ಕಿಲೋಓಮ್‌ನವು. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ಗೆ, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗಕ್ಕೆ, ಅದು ಜಾಸ್ತಿ, ಸದ್ದು ಕಿವಿಗೆ ಚುಚ್ಚುತ್ತದೆ. 250ರ ಒಳ್ಳೆ ಪಾಟ್ ಹಾಕಿದೆ, ಚೂಪು ಇಳಿಯಿತು. ಬ್ರಿಡ್ಜ್‌ಗೆ ಹೋಗುವ ಗ್ರೌಂಡ್ ತಂತಿಯನ್ನು ಮಾತ್ರ ಮರೆಯಬೇಡಿ. ಒಳಗೆ ತಾಮ್ರದ ಟೇಪ್ ಅಂಟಿಸಿದರೆ ಕಿರಿಕಿರಿ ಕಮ್ಮಿಯಾಗುತ್ತದೆ. ಟ್ರಾನ್ಸ್‌ಫಾರ್ಮರ್ ಹತ್ತಿರ ಕೂತಾಗಿನ ಗುಂಯ್ ಸದ್ದು ಮಾತ್ರ ಕಾಂತಕ್ಷೇತ್ರದ್ದು, ಟೇಪ್‌ಗೆ ಬಗ್ಗುವುದಿಲ್ಲ.

ಪಿಕಪ್ ಸೆರಾಮಿಕ್ ಅಯಸ್ಕಾಂತದ್ದು. ತೆಗೆದು ಅಲ್ನಿಕೋ ಅಯಸ್ಕಾಂತದ್ದು ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ನನಗೇನೂ ಅವಸರವಿಲ್ಲ, ಎತ್ತರ ಸರಿ ಮಾಡಿದ ಮೇಲೆ ರಿದಮ್‌ಗೆ ಚೆನ್ನಾಗಿಯೇ ಇದೆ. 1963ರಲ್ಲಿ ಅಪ್ಪನ ಜೊತೆ ಗಿಟಾರ್ ಕಟ್ಟಲು ಶುರು ಮಾಡಿದ ಕ್ವೀನ್ ಬ್ಯಾಂಡಿನ ಗಿಟಾರ್ ವಾದಕ ಬ್ರಿಯಾನ್ ಮೇ, ಹಳೇ ಅಗ್ಗಿಷ್ಟಿಕೆಯ ಮರದಿಂದ ನೆಕ್ ಮಾಡಿದರು, ಬೈಕಿನ ವಾಲ್ವ್ ಸ್ಪ್ರಿಂಗನ್ನೂ ಬಳಸಿದರು. ಪಿಕಪ್ಪನ್ನೂ ತಾವೇ ಸುತ್ತಿ ನೋಡಿ, ಕೊನೆಗೆ ಬರ್ನ್ಸ್ ಕಂಪನಿಯದ್ದನ್ನೇ ಕೊಂಡರು. ಮುಂದೊಂದು ದಿನ ನಾನೂ ಕೊಂಡೇನು, ಸುಮ್ನೆ ಈಗಲೇ ಯಾಕೆ?

ಲೆಕ್ಕದಲ್ಲಿ ಉಪಕರಣಗಳನ್ನೂ ಸೇರಿಸಿ. ಡ್ರಿಲ್, ಅರ, ಸಾಲ್ಡರಿಂಗ್ ಐರನ್ ಎಲ್ಲ ಹೊಸದಾಗಿ ಕೊಳ್ಳಬೇಕಾದರೆ ಸೆಕೆಂಡ್‌ಹ್ಯಾಂಡ್ ಗಿಟಾರೇ ಅಗ್ಗ ಬೀಳುತ್ತದೆ, ಅಲ್ವಾ? ಮನೆಯಲ್ಲಿ ಅವು ಇದ್ದವರಿಗೆ, ಉಜ್ಜುವ ತಾಳ್ಮೆ ಇರುವವರಿಗೆ 5ರಲ್ಲಿ 3.5 ಅಂಕದ ಕಿಟ್ ಇದು. ಟ್ಯೂನರ್‌ಗಳನ್ನು (ತಂತಿ ಬಿಗಿಯುವ ಕಿವಿಗಳು) ನಾನಿನ್ನೂ ಬದಲಿಸಿಲ್ಲ. ಜಿ ತಂತಿಯದ್ದು ಸ್ವಲ್ಪ ಸಡಿಲ. ಸ್ವರಕ್ಕಿಂತ ಕೆಳಗಿಳಿಸಿ ಮೇಲೇರಿಸಿದರೆ ನಿಲ್ಲುತ್ತದೆ, ಸದ್ಯಕ್ಕೆ ಹಾಗೇ ನಡೆಸುತ್ತಿದ್ದೇನೆ.