ಸನ್‌ಸ್ಮಾರ್ಟ್ ಗ್ಲೋಬಲ್ ಯುವಿ ಆ್ಯಪ್: ಆಸ್ಟ್ರೇಲಿಯಾದ ಬಿಸಿಲಿಗೆ ಎಷ್ಟರಮಟ್ಟಿಗೆ ನೆರವು?

ಆಸ್ಟ್ರೇಲಿಯಾದಲ್ಲಿ 70 ವರ್ಷ ತುಂಬುವುದರೊಳಗೆ ಮೂವರಲ್ಲಿ ಇಬ್ಬರಿಗೆ ಒಂದಲ್ಲ ಒಂದು ಬಗೆಯ ಚರ್ಮದ ಕ್ಯಾನ್ಸರ್ ಪತ್ತೆಯಾಗುತ್ತದೆ. ಬಹುಪಾಲು ಮೆಲನೋಮಾ (ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ, ಹೆಚ್ಚು ಅಪಾಯದ ಕ್ಯಾನ್ಸರ್) ಅಲ್ಲದವು: ಚರ್ಮದ ಮೇಲ್ಪದರದ ಕೋಶಗಳಲ್ಲಿ ಹುಟ್ಟುವ ಬೇಸಲ್ ಸೆಲ್, ಸ್ಕ್ವೇಮಸ್ ಸೆಲ್ ಕ್ಯಾನ್ಸರ್. ಹೆಚ್ಚಿನ ರಾಜ್ಯಗಳ ಕ್ಯಾನ್ಸರ್ ನೋಂದಣಿಯಲ್ಲಿ ಇವು ದಾಖಲಾಗುವುದೇ ಇಲ್ಲ. ಲೆಕ್ಕ ಬೇಕಾದರೆ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಹಣ ಕೊಟ್ಟ ಚಿಕಿತ್ಸೆಗಳನ್ನು ಎಣಿಸಬೇಕು. 2014ರಲ್ಲಿ ಆ ಲೆಕ್ಕ 9.5 ಲಕ್ಷ ದಾಟಿತ್ತು. ಒಬ್ಬರಿಗೇ ಹಲವು ಸಲ ಚಿಕಿತ್ಸೆ ಆಗುತ್ತದಾದ್ದರಿಂದ ಇದನ್ನು ರೋಗಿಗಳ ಸಂಖ್ಯೆ ಅಂದುಕೊಳ್ಳಬೇಡಿ.

ಹಾಗಾಗಿ ಅಲ್ಲಿ ನೆಲೆಸಿರುವ ಪ್ರತಿಯೊಬ್ಬರ ಫೋನಿನಲ್ಲೂ ಈ ಆ್ಯಪ್ ಇರಲಿ ಅನ್ನುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯೂ ಕೈಜೋಡಿಸಿ 2022ರಲ್ಲಿ ಬಿಡುಗಡೆಯಾದದ್ದು, ಉಚಿತ. ಊರು ಆರಿಸಿದರೆ ಸಾಕು, ಇವತ್ತು ಎಷ್ಟು ಗಂಟೆಯಿಂದ ಎಷ್ಟರವರೆಗೆ ಯುವಿ ಸೂಚ್ಯಂಕ (ಬಿಸಿಲಿನ ನೇರಳಾತೀತ ಕಿರಣ ಎಷ್ಟು ಪ್ರಬಲ ಎಂಬ ಅಳತೆ) 3 ಅಥವಾ ಅದಕ್ಕಿಂತ ಮೇಲಿರುತ್ತದೆ, ಅಂದರೆ ಚರ್ಮಕ್ಕೆ ರಕ್ಷಣೆ ಬೇಕಾಗುತ್ತದೆ, ಎಂದು ತೋರಿಸುತ್ತದೆ. ಇದೇ ಇದರ ದೊಡ್ಡ ಉಪಕಾರ. ಯಾಕೆಂದರೆ ಜನ ಸೆಕೆ ನೋಡಿ ಮೋಸಹೋಗುತ್ತಾರೆ. ಮೆಲ್ಬರ್ನ್‌ನಲ್ಲಿ ಜನವರಿ ಮಧ್ಯಾಹ್ನ ತಣ್ಣನೆ ಗಾಳಿ ಬೀಸಿ 20 ಡಿಗ್ರಿ ಇದ್ದರೂ ಯುವಿ 10 ಮುಟ್ಟಬಹುದು. ಚರ್ಮ ಸುಡುವುದು ಯುವಿಯಿಂದ, ಸೆಕೆಯಿಂದಲ್ಲ.

ಆ್ಯಪ್ ಎಚ್ಚರಿಸಿದರೂ ಸನ್‌ಸ್ಕ್ರೀನ್ ತೆಳ್ಳಗೆ ಸವರಿದರೆ ಪ್ರಯೋಜನವಿಲ್ಲ. ಆಗ ಟ್ಯೂಬಿನ ಮೇಲೆ ಎಸ್‌ಪಿಎಫ್ (ಬಿಸಿಲಿನಿಂದ ಕಾಯುವ ಶಕ್ತಿಯ ಅಳತೆ) 50 ಅಂತ ಬರೆದಿದ್ದರೂ ಅಷ್ಟು ರಕ್ಷಣೆ ಸಿಗದು. ಮುಖ, ಕತ್ತು, ಕಿವಿಗೆ ಸೇರಿ ಒಂದು ಟೀ ಚಮಚ. ಒಂದೊಂದು ಕೈಗೆ, ಒಂದೊಂದು ಕಾಲಿಗೆ, ಎದೆ-ಹೊಟ್ಟೆಗೆ, ಬೆನ್ನಿಗೆ ಒಂದೊಂದು. ಒಟ್ಟು ಏಳು ಚಮಚ, 35 ಮಿ.ಲೀ. ಅಂದರೆ 110 ಮಿ.ಲೀ. ಟ್ಯೂಬು ಮೈಪೂರ್ತಿ ಹಚ್ಚಲು ಮೂರೇ ಸಲಕ್ಕೆ ಮುಗಿಯುತ್ತದೆ! ಹೊರಡುವ 20 ನಿಮಿಷ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಟ್ಯೂಬನ್ನು ಕಾರಿನಲ್ಲಿ ಬಿಡಬೇಡಿ, 30 ಡಿಗ್ರಿ ದಾಟಿದರೆ ಕೆಡುತ್ತದೆ. ಕ್ವೀನ್ಸ್‌ಲ್ಯಾಂಡಿನ ನ್ಯಾಂಬೋರ್‌ನಲ್ಲಿ 1992ರಲ್ಲಿ ಶುರುವಾದ ಪ್ರಯೋಗದಲ್ಲಿ, ದಿನಾ ಹಚ್ಚಿಕೊಂಡವರಲ್ಲಿ ಸ್ಕ್ವೇಮಸ್ ಸೆಲ್ ಕ್ಯಾನ್ಸರ್ ಸುಮಾರು 40% ಕಡಿಮೆಯಾಗಿತ್ತು.

ಕೊರತೆಯೂ ಇದೆ. ಬೆಳ್ಳಗಿರುವವರಿಗೂ ನಮ್ಮಂಥ ಕಂದು ಮೈಬಣ್ಣದವರಿಗೂ ಆ್ಯಪ್ ಎಳೆಯುವ ಗೆರೆ ಒಂದೇ, 3. ನಮಗೆ ಈ ಕ್ಯಾನ್ಸರಿನ ಅಪಾಯ ಎಷ್ಟೋ ಕಡಿಮೆ, ವಿಟಮಿನ್ ಡಿ ಕೊರತೆಯ ಭಯ ಹೆಚ್ಚು. ಮೆಲ್ಬರ್ನ್‌ನಲ್ಲಿ ಮೇಯಿಂದ ಆಗಸ್ಟ್‌ವರೆಗೆ ಯುವಿ ಸಾಮಾನ್ಯವಾಗಿ 3ರ ಕೆಳಗೇ ಇರುತ್ತದೆ. ಆ ದಿನಗಳಲ್ಲಿ ತೋಳು ತೆರೆದು ಧಾರಾಳವಾಗಿ ಬಿಸಿಲಿಗೆ ಬನ್ನಿ.

ಅಪಾಯ ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತಲ್ಲ. ಕಂದು ಚರ್ಮದಲ್ಲಿ ಬೇಸಲ್ ಸೆಲ್ ಕ್ಯಾನ್ಸರ್ ಹೆಚ್ಚಾಗಿ ಕಪ್ಪಗೇ ಇರುತ್ತದೆ, ಮಚ್ಚೆಯೆಂದು ಬಿಟ್ಟುಬಿಡುತ್ತಾರೆ. ಹಳೆಯ ಸುಟ್ಟ ಗಾಯದ ಕಲೆಯ ಮೇಲೆ ಸ್ಕ್ವೇಮಸ್ ಸೆಲ್ ಬರಬಹುದು, ಬಿಸಿಲಿಗೂ ಅದಕ್ಕೂ ನಂಟಿಲ್ಲ. ಇದ್ಯಾವುದೂ ಯುವಿ ಸಂಖ್ಯೆಯಲ್ಲಿ ಕಾಣುವುದಿಲ್ಲ. ನಾಲ್ಕು ವಾರವಾದರೂ ಮಾಯದ ಹುಣ್ಣು, ಮತ್ತೆ ಮತ್ತೆ ಹಕ್ಕಳೆ ಎದ್ದು ರಕ್ತ ಒಸರುವ ಗಂಟು ಕಂಡರೆ ಜಿಪಿ (ಅಲ್ಲಿನ ಕುಟುಂಬ ವೈದ್ಯರು) ಹತ್ತಿರ ಹೋಗಿ ತೋರಿಸಿ.